ಹೊತ್ತಿಳಿದ ಮೇಲೆ ಹಾಸಿದ ರಸ್ತೆ

ಅಂದು ಬೆಳಗ್ಗೆ ನೋಯ್ಡಾದಲ್ಲಿ ಮಂಜು ಬಿದ್ದಿರಲಿಲ್ಲ. ಜನವರಿಯ ಮೂರನೆಯ ವಾರದಲ್ಲಿ ಇದು ಅಪರೂಪ. ಹದಿನೈದು ದಿನಗಳಿಂದ ಎದುರಿನ ಕಟ್ಟಡಗಳನ್ನೆಲ್ಲ ನುಂಗಿ ಕೂತಿದ್ದ ಬಿಳಿ ಕಾವಳ ಯಾರೋ ಕರೆದ ಹಾಗೆ ಎದ್ದು ಹೋಗಿತ್ತು. ಆಕಾಶ ಹುಣಸೆಹಣ್ಣು ಹಾಕಿ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿ ಹೊಳೆಯುತ್ತಿತ್ತು. ಹೊದಿಕೆ ತೆಗೆದ ಆಕಾಶದ ಕೆಳಗೆ ನೆಲ ತನ್ನ ಬಿಸಿಯನ್ನೆಲ್ಲ ಇರುಳಿಡೀ ಮೇಲಕ್ಕೆ ಬಿಟ್ಟುಕೊಟ್ಟಿತ್ತು. ಚಹಾ ಗಾಡಿಯ ಭಯ್ಯಾ ನಿನ್ನೆಯ ಒಲೆಯ ಬೂದಿಯಲ್ಲಿ ಮಲಗಿದ್ದ ನಾಯಿಯನ್ನು ಎಬ್ಬಿಸಲು ಮನಸ್ಸು ಬಾರದೆ ಪಕ್ಕದಲ್ಲಿ ನಿಂತಿದ್ದ.

ಪ್ರಕೃತಿ ಕಾಯುತ್ತಿದ್ದದ್ದು ಇಂಥದೇ ಬೆಳಗಿಗೆ. ಅವಳು ದಿಲ್ಲಿಯ ಹೌಜ್ ಖಾಸ್‌ನ ಒಂದು ಲ್ಯಾಬಿನಲ್ಲಿ ಕಾಂಕ್ರೀಟ್ ರಸ್ತೆಗಳ ಆಯುಸ್ಸನ್ನು ಲೆಕ್ಕ ಹಾಕುವ ಹುಡುಗಿ. ಇಂಥ ಸ್ವಚ್ಛ ಚಳಿಯಲ್ಲಿ ಸ್ಲ್ಯಾಬಿನ ಮೇಲ್ಮೈ ತಣ್ಣಗಾಗಿ ಕುಗ್ಗುತ್ತದೆ, ಅಡಿಭಾಗ ಇನ್ನೂ ಬೆಚ್ಚಗಿರುತ್ತದೆ. ಆಗ ನಾಲ್ಕು ಮೂಲೆಗಳೂ ಕೂದಲೆಳೆಯಷ್ಟು ಮೇಲಕ್ಕೆ ಏಳುತ್ತವೆ. ಎದ್ದ ಮೂಲೆಯ ಮೇಲೆ ಲಾರಿಯ ಚಕ್ರ ಹತ್ತಿದರೆ ಅಡಿಯಲ್ಲಿ ಆಸರೆ ಇರುವುದಿಲ್ಲ. ಹಾಗೆ ಸಾವಿರ ಸಲ, ಲಕ್ಷ ಸಲ ಆದರೆ ಬಿರುಕು. ಆ ಕೂದಲೆಳೆಯನ್ನು ಅಳೆಯಲು ಅವಳು ಆರೂವರೆಗೇ ಬಂದು, ಒಂದು ಲೇನಿಗೆ ವಾಹನ ತಡೆಯುವ ಕೆಂಪು ಕೋನುಗಳನ್ನು ಇಡಿಸಿ, ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ರಸ್ತೆಯ ಮೇಲೆ ಮಲಗಿಸಿ ಮೊಣಕಾಲೂರಿದ್ದಳು.

ಕೋನುಗಳ ಒಳಗೆ ಇನ್ನೊಬ್ಬರು ಇದ್ದರು. ಹಣೆಗೆ ವಿಭೂತಿ, ಮೈಮೇಲೆ ಕಂದು ಶಾಲು, ಕೈಯಲ್ಲಿ ಒಂದು ಬಿದಿರು ಕೋಲು. ಆ ಮುದುಕ ಒಂದೊಂದು ಸ್ಲ್ಯಾಬಿನ ಮೂಲೆಗೂ ಹೋಗಿ, ಕೋಲಿನಿಂದ ಎರಡು ಸಲ ತಟ್ಟಿ, ತಲೆ ವಾರೆ ಮಾಡಿ ಕೇಳಿ, ಮುಂದಿನದಕ್ಕೆ ಹೋಗುತ್ತಿದ್ದ. ತೆಂಗಿನಕಾಯಿ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವ ಹಾಗೆ.

"ಬಾಬಾಜಿ, ಇಧರ್ ಕಾಮ್ ಚಲ್ ರಹಾ ಹೈ" ಎಂದಳು ಪ್ರಕೃತಿ, ಕೆಲಸ ನಡೆಯುತ್ತಿದೆ ಅತ್ತ ಹೋಗಿ ಎಂಬ ಹಾಗೆ ಕೈ ಬೀಸಿ. ಅಷ್ಟರಲ್ಲಿ ಅವಳಿಗೆ ಫೋನು ಬಂತು. "ಹಾಂ ಅಮ್ಮಾ, ಸೈಟಲ್ಲಿದ್ದೀನಿ. ತಿಂಡಿ ಬಾದ್ ಮೇ ತಿಂತೀನಿ, ಚಲೋ ಇಡ್ತೀನಿ."

ಮುದುಕನ ಕೋಲು ಗಾಳಿಯಲ್ಲೇ ನಿಂತಿತು.

"ಅಯ್ಯೋ ಶಿವನೇ, ನಮ್ಮ ಹುಡುಗಿ! ಯಾವೂರವ್ವ ನಿಂದು?"

"ದಿಲ್ಲಿ. ಮತ್ಲಬ್... ಅಪ್ಪನ ಊರು ಶಿರಾ. ಅವರು ಇಲ್ಲಿ ಸೆಂಟ್ರಲ್ ಗೌರ್ಮೆಂಟಲ್ಲಿದ್ರು."

"ನಾನು ಹೊಳಲ್ಕೆರೆ ಕಡೆಯವನು, ಬಸಪ್ಪ ಅಂತ. ಈ ರಸ್ತೆ ಹಾಕಿಸಿದ ಸೂಪರ್‌ವೈಸರ್ ನಾನೇ ಕಣವ್ವ. ಒಂದನೇ ಸ್ಲ್ಯಾಬಿಂದ ಆರುನೂರ ಅರವತ್ತೇಳನೇ ಸ್ಲ್ಯಾಬಿನವರೆಗೂ."

ಪ್ರಕೃತಿ ಎದ್ದು ನಿಂತಳು. ಮೊಣಕಾಲಿನ ಧೂಳನ್ನು ಕೂಡ ಕೊಡವಲಿಲ್ಲ.

"ತಟ್ಟಿ ಏನು ಕೇಳ್ತಿದ್ರಿ ಅಜ್ಜ?"

"ಮೂಲೆ ಎದ್ದಿದ್ರೆ ಡಬ್ ಅನ್ನುತ್ತೆ, ಪೊಳ್ಳು. ಕೂತಿದ್ರೆ ಟಕ್ ಅನ್ನುತ್ತೆ. ಇಂಥ ಚಳೀಲೇ ಗೊತ್ತಾಗೋದು. ಮಂಜಿನ ದಿನ ಎಲ್ಲಾ ಒಂದೇ ಥರ." ಬಸಪ್ಪ ಮತ್ತೊಂದು ಮೂಲೆಗೆ ತಟ್ಟಿ ತೋರಿಸಿದ. "ನೋಡು, ಕೂತಿದೆ. ಮಗು ಹಾಗೆ ಕೂತಿದೆ."

ಪ್ರಕೃತಿ ಪಟ್ಟಿಯ ಕೆಳಗಿನ ಸಂದು ಅಳೆಯಲು ತೂರಿಸಿದ್ದ ತೆಳುವಾದ ಉಕ್ಕಿನ ಹಾಳೆಯನ್ನು ನೋಡಿದಳು. ಅಜ್ಜ ಹೇಳಿದ್ದು ನಿಜ. ಮೂಲೆ ಎದ್ದಿರಲಿಲ್ಲ. ಏಳಲೇಬೇಕಿತ್ತು, ಅವಳ ಲೆಕ್ಕದ ಪ್ರಕಾರ.

ಆ ಲೆಕ್ಕವೇ ಅವಳ ಎದೆಯ ಮೇಲೆ ಕೂತಿದ್ದ ಭಾರ. ಈ ಮೂರು ಕಿಲೋಮೀಟರ್ ರಸ್ತೆಯನ್ನು ಅಗಲ ಮಾಡುವ ಯೋಜನೆಯಿತ್ತು. ಹಳೆಯ ಸ್ಲ್ಯಾಬುಗಳನ್ನು ಉಳಿಸಿಕೊಂಡು ಪಕ್ಕಕ್ಕೆ ಹೊಸದನ್ನು ಸೇರಿಸುವುದೋ, ಅಥವಾ ಎಲ್ಲವನ್ನೂ ಒಡೆದು ಹೊಸದಾಗಿ ಹಾಸುವುದೋ ಎಂದು ರಸ್ತೆಯ ಇಲಾಖೆ ಲ್ಯಾಬನ್ನು ಕೇಳಿತ್ತು. ಮುಂದಿನ ಹದಿನೈದು ವರ್ಷದಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಸ್ಲ್ಯಾಬು ಬಿರುಕು ಬಿಡುತ್ತವೆ ಎಂದು ಲೆಕ್ಕ ಹೇಳಿದರೆ ಒಡೆಯುವುದು. ವರದಿ ಕೊಡಬೇಕಾದದ್ದು ಬರುವ ಶುಕ್ರವಾರ.

ಕಂಪ್ಯೂಟರಿಗೆ ಅವಳು ರಸ್ತೆಯ ಹುಟ್ಟನ್ನೆಲ್ಲ ಉಣಿಸಿದ್ದಳು. ಸ್ಲ್ಯಾಬಿನ ದಪ್ಪ, ಒಂದೊಂದರ ಉದ್ದ, ಎರಡು ಸ್ಲ್ಯಾಬುಗಳನ್ನು ಕೈ ಹಿಡಿಸುವ ಕಬ್ಬಿಣದ ಸರಳಿನ ಗಾತ್ರ, ಕಾಂಕ್ರೀಟಿನ ಗಟ್ಟಿತನ, ಅದರೊಳಗಿನ ಜಲ್ಲಿ ಬಿಸಿಗೆ ಎಷ್ಟು ಹಿಗ್ಗುತ್ತದೆ ಎಂಬುದು, ಕೆಳಗಿನ ಮಣ್ಣು, ದಿನಕ್ಕೆ ಓಡುವ ಲಾರಿಗಳು, ಹನ್ನೆರಡು ವರ್ಷದ ಬಿಸಿಲು ಮಳೆ. ಅವಳಿಗೆ ಈ ಕೆಲಸದಲ್ಲಿ ಬೆರಗು ಹುಟ್ಟಿಸುತ್ತಿದ್ದದ್ದು ಇದೇ: ಎಲ್ಲ ಸಂಖ್ಯೆಗಳೂ ಸಮಾನವಲ್ಲ. ಮಣ್ಣಿನ ಬಲವನ್ನು ಎರಡರಷ್ಟು ಮಾಡಿದರೂ ಉತ್ತರ ಗಾಢ ನಿದ್ದೆಯಲ್ಲಿರುವವನಂತೆ ಮಗ್ಗುಲನ್ನೂ ಬದಲಿಸುವುದಿಲ್ಲ. ದಪ್ಪವನ್ನು ಬೆರಳಗಲ ಕಡಿಮೆ ಮಾಡಿದರೆ ಬೆಚ್ಚಿ ಎದ್ದು ಕೂರುತ್ತದೆ. ಇನ್ನು ಒಂದು ಸಂಖ್ಯೆಯಂತೂ ಯಾರೂ ಗಮನ ಕೊಡದೆ ಬರೆಯುವಂಥದು. ಹಸಿ ಕಾಂಕ್ರೀಟು ಯಾವ ಹೊತ್ತಿನಲ್ಲಿ ಗಟ್ಟಿಯಾಯಿತು? ಆಗ ಅದರ ಮೈಮೇಲೆ ಬಿಸಿಲಿತ್ತೋ ಇಲ್ಲವೋ? ಗಟ್ಟಿಯಾದ ಗಳಿಗೆಯ ಬಾಗನ್ನು ಸ್ಲ್ಯಾಬು ಸಾಯುವವರೆಗೂ ಮರೆಯುವುದಿಲ್ಲ. ಜಾತಕದ ಹಾಗೆ ಅದನ್ನು ಮೈಯಲ್ಲೇ ಹೊತ್ತುಕೊಂಡಿರುತ್ತದೆ. ಬಿಸಿಲಲ್ಲಿ ಗಟ್ಟಿಯಾದದ್ದು ತಣ್ಣಗಾದಾಗಲೆಲ್ಲ ಮೂಲೆ ಎತ್ತುತ್ತದೆ.

ಮೊದಲ ಕಿಲೋಮೀಟರಿನ ಲೆಕ್ಕ ಸರಿಯಾಗಿ ಬಂದಿತ್ತು. ಇಷ್ಟು ಹೊತ್ತಿಗೆ ನೂರಕ್ಕೆ ಐದು ಬಿರುಕು ಬಿಟ್ಟಿರಬೇಕು ಎಂದಿತು ಕಂಪ್ಯೂಟರು. ರಸ್ತೆಯ ಮೇಲೆ ಎಣಿಸಿದರೆ ನಾಲ್ಕು. ಉಳಿದ ಎರಡು ಕಿಲೋಮೀಟರಿಗೆ ಮೂವತ್ತನಾಲ್ಕು ಎಂದಿತು. ಎಣಿಸಿದರೆ ಐದು. ಪ್ರಕೃತಿ ರಸ್ತೆಯನ್ನು ಕೊರೆದು ದಪ್ಪ ನೋಡಿದಳು, ಸರಿಯಿತ್ತು. ಜಲ್ಲಿಯನ್ನು ನೀರಲ್ಲಿಟ್ಟು ಕಾಯಿಸಿ ಹಿಗ್ಗು ನೋಡಿದಳು, ಅದೂ ಸರಿ. ಕೊನೆಗೆ ಒಂದು ಸಂಜೆ ಲಾರಿಗಳ ಸಂಖ್ಯೆಯನ್ನು ಅರ್ಧ ಮಾಡಿದಳು. ಉತ್ತರ ಚೆಂದವಾಗಿ ಬಂದು ಎದುರಿಗೆ ಕೂತಿತು. ಅದನ್ನು ನೋಡುತ್ತ ನೋಡುತ್ತ ಅವಳಿಗೆ ನಾಚಿಕೆಯಾಗಿ ಅಳಿಸಿದಳು.

ಅವಳ ಗೈಡ್ ರಘುನಂದನ್ ಸರ್ ಮಾತು ಕಡಿಮೆಯ ಮನುಷ್ಯ. "ರಸ್ತೆ ಚೆನ್ನಾಗಿದೆಯಲ್ಲ ಸರ್, ಕಣ್ಣಿಗೇ ಕಾಣ್ತಿದೆ. ಒಡೀಬೇಡಿ ಅಂತ ಬರೆದುಬಿಡೋಣ" ಎಂದು ಅವಳು ಕೇಳಿದ್ದಾಗ ಅವರು, "ಇವತ್ತು ಕಾಣಲ್ಲ. ಸ್ಲ್ಯಾಬು ಒಳಗೊಳಗೇ ದಣಿಯುತ್ತೆ, ಒಂದು ದಿನ ಒಟ್ಟಿಗೇ ಹೇಳುತ್ತೆ. ಕಳೆದ ಹನ್ನೆರಡು ವರ್ಷವನ್ನೇ ನಿನ್ನ ಲೆಕ್ಕ ವಿವರಿಸದಿದ್ದರೆ ಮುಂದಿನ ಹದಿನೈದನ್ನ ಯಾರು ನಂಬ್ತಾರೆ?" ಎಂದಿದ್ದರು.

ಇದನ್ನೆಲ್ಲ ಅವಳು ತನ್ನ ಅರೆಬರೆ ಕನ್ನಡದಲ್ಲಿ ಬಸಪ್ಪನಿಗೆ ಹೇಳಿದಳು. ಒಡೆಯುವ ಮಾತು ಬಂದಾಗ ಮುದುಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಉದ್ದಕ್ಕೂ ಒಮ್ಮೆ ನೋಡಿದ.

"ನೀನು ಯಾವ ಹೊತ್ತು ಅಂತ ಬರೆದೆ, ಹಾಕಿದ್ದು?"

"ಬೆಳಗ್ಗೆ ಹತ್ತು. ಕಾಂಕ್ರೀಟು ಸುರಿದ ದಿನ ಎಂಜಿನಿಯರ್ ಸಹಿ ಹಾಕೋ ಪೋರ್ ಕಾರ್ಡಲ್ಲಿ ಎಲ್ಲಾ ದಿನಾನೂ ಹತ್ತೇ ಇದೆ."

ಬಸಪ್ಪ ಮೆಲ್ಲಗೆ ನಕ್ಕ. "ಬಾ ಮನೆಗೆ. ತಿಂಡಿ ಆಗಿಲ್ಲ ಅಂತ ನಿಮ್ಮಮ್ಮನ ಹತ್ರ ಹೇಳಿದ್ದು ನಾನೂ ಕೇಳಿಸ್ಕೊಂಡೆ."

ಬಸಪ್ಪನ ಮನೆ ರಸ್ತೆಯಿಂದ ಎರಡು ಗಲ್ಲಿ ಒಳಗೆ. ಎರಡೇ ಕೋಣೆ. ಹೆಂಡತಿ ರತ್ನಮ್ಮ ಹಂಚಿನ ಮುಂದೆ ಕೂತಿದ್ದಳು. ಅಲ್ಲಿನ ಐಟಿ ಆಫೀಸುಗಳ ಕನ್ನಡದ ಹುಡುಗ ಹುಡುಗಿಯರಿಗೆ ದಿನಾ ನೂರಿಪ್ಪತ್ತು ಜೋಳದ ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು.

"ಬೆಳಗ್ಗೆ ರಸ್ತೆ ತಟ್ಟೋಕೆ ಹೋದೋರು ಹುಡುಗೀನ ಕರ್ಕೊಂಡು ಬಂದ್ರಾ!" ಎಂದಳು ರತ್ನಮ್ಮ, ಕೈ ನಿಲ್ಲಿಸದೆ. "ಕೂತ್ಕೊ ತಾಯಿ. ಈ ಮನುಷ್ಯಂಗೆ ಎರಡು ಸಂಸಾರ. ಹಗಲು ನಾನು, ಮುಂಜಾನೆ ಆ ರಸ್ತೆ. ಅದರ ಮೂಲೆ ಮೂಲೆ ಮೈ ಮುಟ್ಟಿ ವಿಚಾರಿಸ್ತಾರೆ, ನನ್ನ ಮೊಣಕಾಲು ನೋವು ಒಂದಿನ ಕೇಳಿಲ್ಲ."

"ನಿಂದು ಕೇಳೋದು ಬೇಡ, ನೀನೇ ಹೇಳ್ತೀಯ. ಅದಕ್ಕೆ ಬಾಯಿಲ್ಲ" ಎಂದ ಬಸಪ್ಪ.

ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಹಳೆಯ ನೋಟ್‌ಬುಕ್ ಬಂತು. ಅದರ ರಟ್ಟಿಗೆ ಸಿಮೆಂಟ್ ಚೀಲದ ಕಾಗದದ ಹೊದಿಕೆ. ಪ್ರಕೃತಿಗೆ ಕನ್ನಡ ಓದಲು ಬರುತ್ತಿತ್ತು, ಅಕ್ಷರ ಅಕ್ಷರ ಕೂಡಿಸಿಕೊಂಡು. ಪ್ರತಿ ಪುಟದ ನೆತ್ತಿಯಲ್ಲಿ ದೇವರ ನಾಮ. ಅದರ ಕೆಳಗೆ ಅಂದಿನ ಹವೆ. ಅದರ ಕೆಳಗೆ ಕೆಲಸ.

"ಮೋಡ ಇ...ಲ್ಲ. ಬಡ...ಗಣ ಗಾಳಿ. ಗೋಣಿ ನೆನೆಸಿದೆ. ಸ್ಲ್ಯಾಬು ಇನ್ನೂರ ಒಂಬತ್ತರಿಂದ ಇನ್ನೂರ ಇಪ್ಪತ್ತೆರಡು. ಶುರು, ಹತ್ತೂ ನಲವತ್ತು" ಎಂದು ಅವಳು ಓದಿದಳು.

"ಒಂದನೇ ಕ್ಲಾಸು ಪಾಸು" ಎಂದಳು ರತ್ನಮ್ಮ.

"ಇದು ಚಳಿಗಾಲದ್ದು, ಮೊದಲನೇ ಕಿಲೋಮೀಟರು. ಚಳೀಲಿ ಹತ್ತು ಗಂಟೆ ಆದ ಮೇಲೇ ಹಾಕ್ತಿದ್ದೆ. ಬಿಸಿಲಿಗೆ ಕಾವೇ ಇರಲ್ಲವಲ್ಲ" ಎಂದ ಬಸಪ್ಪ.

"ಬೇಸಿಗೆ?"

"ಬೇಸಿಗೇಲಿ ಹೊತ್ತು ಇಳಿದ ಮೇಲೆ. ಸೂರ್ಯ ಮುಳುಗಿ ಗಾಳಿ ತಿರುಗೋವರೆಗೂ ಒಂದು ಪುಟ್ಟಿ ಕಾಂಕ್ರೀಟು ಸುರಿಯೋಕೆ ಬಿಡ್ತಿರಲಿಲ್ಲ. ಹುಡುಗರು ಬೈಕೊಳ್ಳೋರು. ಮೇ ತಿಂಗಳು, ಇಲ್ಲಿನ ಬೆಂಕಿಯಂಥ ಲೂ ಗಾಳಿ ನಿಂಗೆ ಗೊತ್ತಲ್ಲ."

"ಯಾಕೆ ಅಜ್ಜ? ಯಾರು ಹೇಳಿದ್ರು?"

"ಯಾರು ಹೇಳ್ತಾರೆ! ನಮ್ಮಪ್ಪ ಸುಗ್ಗಿಗೆ ಕಣ ಮಾಡ್ತಿದ್ದ. ಮಣ್ಣು ತುಳಿದು, ಸಗಣಿ ಸಾರಿಸಿ, ನೆಲಾನ ಕನ್ನಡಿ ಹಂಗೆ ಮಾಡೋನು. ಹೊತ್ತು ಇಳಿಯೋವರೆಗೂ ಸಗಣಿ ಬಾನಿಗೆ ಕೈ ಹಾಕ್ತಿರಲಿಲ್ಲ. ಒಂದು ವರ್ಷ ನಾನು ಅವನಿಲ್ಲದಾಗ ಮಟಮಟ ಮಧ್ಯಾಹ್ನ ಸಾರಿಸಿದೆ, ಶಭಾಷ್ ಅನ್ನಿಸ್ಕೊಳ್ಳೋಣ ಅಂತ. ಸಂಜೆ ನೋಡಿದ್ರೆ ಹಪ್ಪಳ! ಅಂಚೆಲ್ಲ ಎದ್ದು ಕೂತಿದೆ. ಅಪ್ಪ ಬೈಲಿಲ್ಲ. ಎದ್ದಿದ್ದ ಒಂದು ಚಕ್ಕೆ ಎತ್ತಿ ನನ್ನ ಕೈಲಿಟ್ಟ, ಅಷ್ಟೇ. ಅದರ ಭಾರ ಇನ್ನೂ ಇದೆ ಕೈಲಿ."

ರತ್ನಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ತೋರಿಸಿದಳು. ಒಂದು ಮಗ್ಗುಲಿಗೇ ಬಿಸಿ ತಾಗಿದ್ದರಿಂದ ಅದರ ಅಂಚು ಬಟ್ಟಲಿನಂತೆ ಎದ್ದಿತ್ತು. ಅವಳು ಒದ್ದೆ ಬಟ್ಟೆಯಿಂದ ಸವರಿ, ಮಗುಚಿ, ಮೆಲ್ಲಗೆ ಒತ್ತಿದಳು. ಅಂಚು ಕೂತಿತು. ಪ್ರಕೃತಿ ಅದನ್ನೇ ನೋಡುತ್ತಿದ್ದಳು. ಐದು ವರ್ಷ ಓದಿ ಅವಳು ಸೂತ್ರಗಳಲ್ಲಿ ಕಲಿತದ್ದು ಈ ಮನೆಯಲ್ಲಿ ಎರಡು ತಲೆಮಾರಿನಿಂದ ಅಂಗೈಯಲ್ಲಿತ್ತು.

"ಹಾಗಾದ್ರೆ ಕಾರ್ಡಲ್ಲಿ ಹತ್ತು ಅಂತ ಯಾಕಿದೆ?"

"ನಿಯಮ ಇತ್ತವ್ವ. ಕಾಂಕ್ರೀಟು ಹಾಕೋವಾಗ ಎಂಜಿನಿಯರ್ ಇರಬೇಕು, ಆಫೀಸು ಹೊತ್ತಲ್ಲೇ ಆಗಬೇಕು ಅಂತ. ಗುರುರಾಜ ಸಾಹೇಬ್ರು ಅಂತ ನಮ್ಮ ಎಂಜಿನಿಯರು, ಮೈಸೂರಿನೋರು. ಅವರಿಗೆ ಮೂರು ಸೈಟು. ಇಲ್ಲಿಗೆ ಬರೋದು ಹತ್ತಕ್ಕೆ, ಬಂದು ಸಹಿ ಹಾಕೋರು. ಬೇಸಿಗೇಲಿ ನಾನು ಕಣದ ಕಥೆ ಹೇಳಿದೆ. ಅವರು ಸುಮ್ನೆ ಕೇಳಿದ್ರು. 'ಬಸಪ್ಪ, ನಿಂಗೆ ಗೊತ್ತಿರೋ ಹಾಗೆ ಮಾಡು. ಕಾರ್ಡಲ್ಲಿ ನಾನು ಹತ್ತೇ ಬರೀತೀನಿ' ಅಂದ್ರು. ಅವತ್ತು ಅವರು ನನ್ನ ನಂಬಿದ್ರಲ್ಲ, ಅದು ಸಣ್ಣದಲ್ಲ."

"ಬೇಸಿಗೇದು ನೋಟ್‌ಬುಕ್ ಎಲ್ಲಿ?"

ಬಸಪ್ಪ ಪೆಟ್ಟಿಗೆ ಮುಚ್ಚಿದ.

"ಸಾಹೇಬ್ರ ಹತ್ರ ಇದೆ. ಕೆಲಸ ಮುಗಿದ ವರ್ಷ ಮೇಲಿನಿಂದ ತಪಾಸಣೆಯೋರು ಬಂದಿದ್ರು. ಹೊತ್ತು ಮೀರಿ ಹಾಕಿದ್ದಾರೆ ಅಂತ ಯಾರೋ ಅರ್ಜಿ ಬರೆದಿದ್ರಂತೆ. 'ಒಂದು ವಾರ ಇದು ನನ್ನ ಹತ್ರ ಇರಲಿ ಬಸಪ್ಪ' ಅಂತ ತಗೊಂಡು ಹೋದ್ರು."

"ಹನ್ನೆರಡು ವರ್ಷದ ವಾರ!" ಎಂದಳು ರತ್ನಮ್ಮ. "ಕೇಳಿ ಅಂದ್ರೆ ಕೇಳಲ್ಲ ಈ ಮನುಷ್ಯ."

"ಸಾಹೇಬ್ರ ಹತ್ರ ಇದೆ ಅಂದ್ರೆ ಭದ್ರವಾಗಿದೆ ಅಂತ ಅರ್ಥ" ಎಂದ ಬಸಪ್ಪ.

ಅಂದು ಮಧ್ಯಾಹ್ನ ಲ್ಯಾಬಿನಲ್ಲಿ ಪ್ರಕೃತಿ ಒಂದೇ ಒಂದು ಇನ್‌ಪುಟ್ ಬದಲಿಸಿದಳು. ಸ್ಲ್ಯಾಬು 223ರಿಂದ 667ರವರೆಗೆ ಬೇಸಿಗೆಯ ಬಿಸಿಲಿನಲ್ಲಿ ಅಲ್ಲ, ಸೂರ್ಯ ಮುಳುಗಿದ ಮೇಲೆ ಹಾಸಿ, ಬೆಳಗಾಗುವ ಮೊದಲೇ ಗಟ್ಟಿಯಾದವು ಎಂದು ತಿಳಿಸಿದಳು. ಲಾರಿಗಳನ್ನು ಮುಟ್ಟಲಿಲ್ಲ, ದಪ್ಪವನ್ನು ಮುಟ್ಟಲಿಲ್ಲ. ಕಂಪ್ಯೂಟರು ಹನ್ನೆರಡು ವರ್ಷದ ಪ್ರತಿ ಗಂಟೆಯ ಬಿಸಿಲನ್ನೂ ಚಳಿಯನ್ನೂ ಜಪಮಣಿಯಂತೆ ಒಂದೊಂದಾಗಿ ಎಣಿಸುತ್ತ ಹೋಯಿತು. ಮೂವತ್ತನಾಲ್ಕು ಎನ್ನುತ್ತಿದ್ದ ಕಡೆ ಆರು ಎಂದಿತು. ಮುಂದಿನ ಹದಿನೈದು ವರ್ಷಕ್ಕೆ ಹನ್ನೊಂದು.

ಒಬ್ಬ ಮನುಷ್ಯ ಬೇಸಿಗೆಯ ಕಾರ್ಡುಗಳ ಲೆಕ್ಕದಲ್ಲಿ ಮೂವತ್ತೊಂದು ದಿನ ಸೂರ್ಯ ಮುಳುಗಲೆಂದು ಕಾದು ನಿಂತದ್ದಕ್ಕೆ ರಸ್ತೆಯ ಮೈಯಲ್ಲಿ ಇಷ್ಟು ದೊಡ್ಡ ಉತ್ತರವಿತ್ತು. ಪ್ರಕೃತಿ ಪರದೆಯ ಮುಂದೆ ತನಗೆ ತಿಳಿಯದೆ ಕೈ ಮುಗಿದಿದ್ದಳು. ಪಕ್ಕದ ಮೇಜಿನವನು "ಸರ್ವರ್ ಕ್ರ್ಯಾಶ್ ಆಯ್ತಾ?" ಎಂದು ಕೇಳಿದ.

ರಘುನಂದನ್ ಸರ್ ಪರದೆಯ ಮೇಲಿನ ಲೆಕ್ಕದ ಗೆರೆ, ಎಣಿಕೆಯ ಗೆರೆ ಎರಡನ್ನೂ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಂತೋಷ ಬಂದು ಹಿಂದಕ್ಕೆ ಹೋದದ್ದನ್ನು ಅವಳು ಕಂಡಳು.

"ಚೆನ್ನಾಗಿದೆ. ನಿಜವೂ ಇರಬಹುದು. ಆದರೆ ಸಹಿ ಆಗಿರೋ ಕಾರ್ಡು ಹತ್ತು ಗಂಟೆ ಅನ್ನುತ್ತೆ. ಉತ್ತರ ಕೂಡಿ ಬರುತ್ತೆ ಅಂತ ನಾವೇ ಹೊತ್ತು ಬದಲಾಯಿಸಿದರೆ, ಲಾರಿ ಅರ್ಧ ಮಾಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಪ್ರಕೃತಿ? ಆ ನೋಟ್‌ಬುಕ್ ಬೇಕು. ಜೊತೆಗೆ ಕಾರ್ಡಿಗೆ ಸಹಿ ಹಾಕಿದವರೇ 'ಇದು ನಿಜ, ಅದು ಅಲ್ಲ' ಅಂತ ಬರೆದುಕೊಡಬೇಕು. ಆಗ ನಾನು ಕಣ್ಣು ಮುಚ್ಚಿ ಕಳಿಸ್ತೀನಿ."

ಗುರುರಾಜ ಸಾಹೇಬರು ಈಗ ಗುರುಗ್ರಾಮದಲ್ಲಿ, ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಇದ್ದರು. ನಿವೃತ್ತರಾಗಿ ಆರು ವರ್ಷ. ಬಿಳಿ ಕೂದಲು, ಇಸ್ತ್ರಿ ಮಾಡಿದ ಜುಬ್ಬಾ, ಮಾತಿನಲ್ಲಿ ಮೈಸೂರಿನ ನಯ. ಬುಧವಾರ ಸಂಜೆ ಪ್ರಕೃತಿಗೆ ಫಿಲ್ಟರ್ ಕಾಫಿ ಕೊಟ್ಟು, ಕಿಟಕಿಯ ಬಳಿ ಕೂರಿಸಿಕೊಂಡು, ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ನೋಟ್‌ಬುಕ್ಕಿನ ಮಾತು ಬಂದಾಗ ಲೋಟ ಕೆಳಗಿಟ್ಟರು.

"ಅಂಥದ್ದು ಯಾವುದೂ ನನಗೆ ನೆನಪಿಲ್ಲಮ್ಮ. ಎಷ್ಟೋ ಸೈಟು, ಎಷ್ಟೋ ಪುಸ್ತಕ."

"ಸರ್, ಅದಿಲ್ಲದಿದ್ರೆ ರಸ್ತೆ ಒಡೀತಾರೆ."

"ಒಡೀಲಿ. ಹೊಸದು ಹಾಕ್ತಾರೆ." ಅವರು ಕಿಟಕಿಯ ಹೊರಗೆ ನೋಡಿದರು. "ಮೂವತ್ತೊಂದು ಕಾರ್ಡು. ಎಲ್ಲದರ ಮೇಲೂ ನನ್ನ ಸಹಿ. ಈಗ ಅವೆಲ್ಲ ಸುಳ್ಳು ಅಂತ ನಾನೇ ಬರೆದುಕೊಟ್ಟರೆ, ಮೂವತ್ತೆರಡು ವರ್ಷ ಕಪ್ಪುಚುಕ್ಕೆ ಇಲ್ಲದೆ ಕೆಲಸ ಮಾಡಿದ್ದು ಏನಾಗಬೇಕು? ಮೊಮ್ಮಗ ಶ್ರೇಯಸ್ ಈ ವರ್ಷ ಸಿವಿಲ್ ಸೇರಿದ್ದಾನೆ, ನಮ್ಮ ತಾತನ ಹಾಗೆ ಆಗ್ತೀನಿ ಅಂತ."

ನೆನಪಿಲ್ಲ ಎಂದವರು ಕಾರ್ಡುಗಳ ಸಂಖ್ಯೆಯನ್ನು ತಪ್ಪದೆ ಹೇಳಿದ್ದನ್ನು ಪ್ರಕೃತಿ ಗಮನಿಸಿದಳು. ಖಾಲಿ ಲೋಟವನ್ನು ಕೆಳಗಿಟ್ಟು ಎದ್ದಳು. ಹಿರಿಯರನ್ನು ಮಾತಿನಲ್ಲಿ ಹಿಡಿದು ಹಾಕುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬಾಗಿಲಿನ ಹತ್ತಿರ ಅವರು ಕೇಳಿದರು. "ಬಸಪ್ಪ ಹೇಗಿದ್ದಾನೆ?"

"ಚೆನ್ನಾಗಿದ್ದಾರೆ ಸರ್. ದಿನಾ ಬೆಳಗ್ಗೆ ಆ ರಸ್ತೆ ಮೇಲೆ ನಡೀತಾರೆ."

"ನೋಟ್‌ಬುಕ್ ವಾಪಸ್ ಕೇಳು ಅಂತ ಅವನು ಕಳಿಸಿದ್ನಾ?"

"ಇಲ್ಲ ಸರ್. ಅವರು ಕೇಳಲ್ವಂತೆ. ಸಾಹೇಬ್ರ ಹತ್ರ ಇದೆ ಅಂದ್ರೆ ಭದ್ರವಾಗಿದೆ ಅಂತ ಅರ್ಥ, ಅಂದ್ರು."

ಲಿಫ್ಟಿನ ಬಾಗಿಲು ಮುಚ್ಚುವಾಗ ಗುರುರಾಜರು ಇನ್ನೂ ಹಾಗೆಯೇ ಹೊಸಿಲಿನ ಮೇಲೆ ನಿಂತಿದ್ದರು. ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

ಗುರುವಾರ ಅವಳು ವರದಿ ಬರೆಯತೊಡಗಿದಳು. ದಾಖಲೆ ಹೇಳಿದ ಹೊತ್ತು ಹತ್ತು, ಆದ್ದರಿಂದ ಹತ್ತು. ಲೆಕ್ಕ ಹೇಳಿದ ಬಿರುಕು ಮೂವತ್ತನಾಲ್ಕು. ಕಣ್ಣು ಕಂಡದ್ದು ಐದು, ಕಾರಣ ತಿಳಿಯದು. ಕಾರಣ ತಿಳಿದಿದ್ದೂ ತಿಳಿಯದು ಎಂದು ಬರೆದ ಆ ಸಾಲು ಅವಳ ಕೈಯನ್ನು ಮುಂದಕ್ಕೆ ಬಿಡಲಿಲ್ಲ. ಮರುದಿನ ಸಂಜೆ ಐದಕ್ಕೆ ಅದು ಹೋಗಬೇಕಿತ್ತು. ಶುಕ್ರವಾರ ಬೆಳಗ್ಗೆ ಅವಳು ಲ್ಯಾಬಿಗೆ ಹೋಗುವ ಬದಲು ಮೆಟ್ರೋ ಹತ್ತಿ ನೋಯ್ಡಾಕ್ಕೆ ಬಂದಳು. ಬಸಪ್ಪಜ್ಜನಿಗೆ ತಾನೇ ಬಾಯಿಬಿಟ್ಟು ಹೇಳಬೇಕಿತ್ತು.

ಅವನು ರಸ್ತೆಯ ಬದಿಯ ಚಹಾ ಗಾಡಿಯ ಹತ್ತಿರ ಇದ್ದ. ರತ್ನಮ್ಮನೂ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಆಟೋಗೆ ಕಾಯುತ್ತಿದ್ದಳು. ಮಂಜು ಮತ್ತೆ ಬಂದು ರಸ್ತೆಯ ಆ ತುದಿಯನ್ನು ಮುಚ್ಚಿತ್ತು.

"ಆಗಲಿಲ್ಲ ಅಜ್ಜ" ಎಂದಳು ಪ್ರಕೃತಿ. "ಸಾಹೇಬ್ರಿಗೆ ನೆನಪಿಲ್ವಂತೆ. ನಾನು ಇವತ್ತು ಒಡೆಯೋ ಥರ ಬರೀಬೇಕು."

ಬಸಪ್ಪ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ.

"ಸುಳ್ಳು ಬರೀಬೇಡ. ಕಾಗದದಲ್ಲಿ ಏನಿದೆಯೋ ಅದನ್ನೇ ಬರಿ. ಒಡೆದ್ರೆ ಒಡೀಲಿ. ಭೂಮಿ ತಾಯಿ ಹನ್ನೆರಡು ವರ್ಷ ಹೊತ್ತಳು, ಅಷ್ಟು ಋಣ." ಆಮೇಲೆ ಕೇಳಿದ, "ಒಡೆಯೋ ದಿನ ನನ್ನ ಕರೀತೀಯಾ? ಅಡಿಭಾಗ ಹೇಗೆ ಕೂತಿದೆ, ಒಂದ್ಸಲ ನೋಡಬೇಕು ಅಂತ ಆಸೆ."

"ಆ ದಿನ ಈ ಮನುಷ್ಯನ್ನ ಹಿಡ್ಕೊಳ್ಳೋಕೆ ನಾಲ್ಕು ಜನ ಬೇಕು" ಎಂದಳು ರತ್ನಮ್ಮ. ಆದರೆ ಅವಳ ದನಿಯಲ್ಲಿ ಎಂದಿನ ಕುಟುಕು ಇರಲಿಲ್ಲ. ಸೆರಗಿನ ತುದಿಯಿಂದ ಬುಟ್ಟಿಯ ಮುಚ್ಚಳವನ್ನು ಸುಮ್ಮನೆ ಒರೆಸುತ್ತಿದ್ದಳು.

ಮಂಜಿನೊಳಗಿಂದ ಒಂದು ಕ್ಯಾಬು ಬಂದು ನಿಂತಿತು. ಇಳಿದವರು ಗುರುರಾಜರು. ಕುತ್ತಿಗೆಗೆ ಮಫ್ಲರು, ಕಂಕುಳಲ್ಲಿ ಬಟ್ಟೆಯ ಒಂದು ಗಂಟು. ಅವರು ಯಾರನ್ನೂ ಮಾತನಾಡಿಸದೆ ಮೊದಲು ರಸ್ತೆಗೆ ಇಳಿದರು. ನಾಲ್ಕು ಸ್ಲ್ಯಾಬುಗಳಷ್ಟು ದೂರ ನಡೆದರು, ಒಂದು ಮೂಲೆಯ ಹತ್ತಿರ ಬಗ್ಗಿ ಅಂಗೈಯಿಂದ ಸವರಿದರು, ಮತ್ತೆ ನಡೆದು ಬಂದರು. ಬಸಪ್ಪ ಅಷ್ಟರಲ್ಲಿ ಲೋಟ ಇಟ್ಟು, ಶಾಲು ಸರಿ ಮಾಡಿಕೊಂಡು, ಹನ್ನೆರಡು ವರ್ಷದ ಹಿಂದೆ ಸೈಟಿನಲ್ಲಿ ನಿಲ್ಲುತ್ತಿದ್ದ ಹಾಗೆ ಎದ್ದು ನಿಂತಿದ್ದ.

"ನಮಸ್ಕಾರ ಸಾಹೇಬ್ರೇ. ಇಷ್ಟು ಚಳೀಲಿ!"

"ಚಳಿಗಾಲದಲ್ಲಿ ಹತ್ತರ ಮೇಲೆ ಬರಬೇಕಿತ್ತು, ಅಲ್ವಾ" ಎಂದರು ಗುರುರಾಜರು. ನಗಲು ನೋಡಿದರು, ಪೂರ್ತಿ ಬರಲಿಲ್ಲ. "ಒಂದು ವಾರ ಅಂತ ಹೇಳಿ ತಗೊಂಡು ಹೋಗಿದ್ದೆ."

"ವಾರ ಆಯ್ತಾ ಸಾಹೇಬ್ರೇ? ನಾನು ಎಣಿಸಿರಲಿಲ್ಲ."

"ನಾನು ಎಣಿಸಿದ್ದೆ. ತಪಾಸಣೆ ಮುಗಿದ ದಿನವೇ ಕೊಡಬಹುದಿತ್ತು. ಆದರೆ ಇದು ನಿಮ್ಮ ಕೈಗೆ ಬಂದರೆ ನನ್ನ ಸಹಿ ಸುಳ್ಳಾಗುತ್ತೆ ಅಂತ ಇಟ್ಕೊಂಡೆ. ನಿಮ್ಮನ್ನ ಕಾಪಾಡ್ತಿದ್ದೀನಿ ಅಂತ ನನಗೇ ಹೇಳ್ಕೊಂಡೆ." ಅವರು ಪ್ರಕೃತಿಯ ಕಡೆ ತಿರುಗಿದರು. "ನೋಟ್‌ಬುಕ್ಕಿನ ಒಳಗೆ ಮೂವತ್ತೊಂದು ದಿನಕ್ಕೂ ಬೇರೆ ಹಾಳೆ ಬರೆದಿಟ್ಟಿದ್ದೀನಮ್ಮ. ಕಾರ್ಡಲ್ಲಿ ಏನಿತ್ತು, ನಿಜ ಏನು, ಎರಡೂ. ಪ್ರತಿ ಹಾಳೆಗೂ ಸಹಿ ಇದೆ. ಹೊತ್ತು ತಪ್ಪಾಗಿ ಬರೆದದ್ದು ನಾನು, ಸೂಪರ್‌ವೈಸರ್ ಅಲ್ಲ ಅಂತಾನೂ ಇದೆ. ಶ್ರೇಯಸ್‌ಗೂ ಓದಿಸಿದೆ."

ಪ್ರಕೃತಿ ಫೋನಿನಲ್ಲಿ ಹೊತ್ತು ನೋಡಿದಳು. ವರದಿಗೆ ಇನ್ನೂ ಒಂಬತ್ತು ಗಂಟೆ ಸಮಯವಿತ್ತು. 'ಕಾರಣ ತಿಳಿಯದು' ಎಂಬ ಆ ಒಂದು ಸಾಲನ್ನು ಅಳಿಸಲು ಅಷ್ಟು ಬೇಕಿರಲಿಲ್ಲ.

ಆಟೋ ಬಂದು ಹಾರನ್ ಮಾಡಿತು. "ರುಕೋ ಭಯ್ಯಾ, ರೊಟ್ಟಿ ಎಲ್ಲೂ ಓಡಿ ಹೋಗಲ್ಲ" ಎಂದಳು ರತ್ನಮ್ಮ, ಅತ್ತ ತಿರುಗದೆ.

ಗುರುರಾಜರು ಗಂಟನ್ನು ಬಿಚ್ಚಿದರು. ಮಡಿ ವಸ್ತ್ರದೊಳಗೆ ಸಿಮೆಂಟ್ ಚೀಲದ ಕಾಗದ ಹೊದಿಸಿದ ಆ ನೋಟ್‌ಬುಕ್ ಇತ್ತು, ಒಂದು ಮೂಲೆಯೂ ಮಡಿಚಿರಲಿಲ್ಲ. ದೇವರ ಮನೆಯಲ್ಲಿ ಇಟ್ಟಿದ್ದರೆಂದು ಕಾಣುತ್ತದೆ, ಕರ್ಪೂರದ ವಾಸನೆ ಬಂತು.

"ತಗೊಳ್ಳಿ ಬಸಪ್ಪನವರೇ" ಎಂದು ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದರು.

ಬಸಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಒಡ್ಡಿದ.